ಅಂಗಳದ ಅಂಚು

ಮೊನ್ನೆ ನಮ್ಮ ಮನೆಯ ಮುಂದೆ ಇಂಟರ್‌ಲಾಕ್ ಹಾಕಿಸಿದೆ. ಮಣಿಪಾಲ ದಾಟಿ ಪರ್ಕಳದ ಹತ್ತಿರ ಎಂಟು ಸೆಂಟ್ಸ್ ಜಾಗ, ಬ್ಯಾಂಕಿನ ಸಾಲದ ಮನೆ, ಗೇಟಿನಿಂದ ಮೆಟ್ಟಿಲವರೆಗೆ ಒಂದು ಕಾರು ಬರುವಷ್ಟು ದಾರಿ. ಮಳೆಗಾಲದ ಕೆಸರಿಗೆ ಸಾಕಾಗಿ ಹೋಗಿದೆ ಎಂದು ಹೆಂಡತಿ ಹೇಳಿದ್ದು ನಿಜ. ಆದರೆ ಸುಳ್ಳು ಯಾಕೆ ಹೇಳಲಿ, ದೊಡ್ಡ ಮನೆಗಳ ಮುಂದಿನ ಆ ಕೆಂಪು, ಬೂದು ಇಟ್ಟಿಗೆ ನೋಡಿ ನೋಡಿ ನನಗೂ ಆಸೆಯಾಗಿತ್ತು. ನಮಗೂ ಒಂದು ಅಂಗಳ ಬೇಕು, ಅದರ ಮೇಲೆ ಮೊದಲು ನಮ್ಮ ಕಾಲೇ ಬೀಳಬೇಕು!

ಅಮ್ಮನಿಗೆ ಅಂಗಳವೆಂದರೆ ಬೇರೆ. ಕಾರ್ಕಳ ತಾಲೂಕಿನ ಒಂದು ದೊಡ್ಡ ಮನೆಗೆ ನಮ್ಮವರು ಮೂಲದ ಆಳುಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ. ಆ ಸುದ್ದಿ ಆ ಮನೆಯ ಅಂಗಳಕ್ಕೆ ಬಂದು ಮುಟ್ಟಲು ನೂರಮೂವತ್ತು ವರ್ಷವೂ ಸಾಲಲಿಲ್ಲ. ಮಳೆ ನಿಂತ ಮೇಲೆ, ಕೊಯ್ಲಿಗೆ ಮೊದಲು, ಅಂಗಳ ಮಾಡುವ ಕೆಲಸ. ನಾಲ್ಕು ತಿಂಗಳ ಮಳೆಗೆ ಹಿಡಿದ ಹಾವಸೆ ಕೆರೆದು, ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ, ನೀರು ಹೊಯ್ದು, ಮರದ ಹಲಗೆಯಿಂದ ಬಡಿದು ಬಡಿದು ನುಣ್ಣಗೆ ಮಾಡಬೇಕು. ಅಷ್ಟು ದಿನ ಅಮ್ಮ ಅಂಗಳದ ನಟ್ಟನಡುವೆ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದಳು. ಆಗ ಯಾರಿಗೂ ಮೈಲಿಗೆ ಇಲ್ಲ. ಬಡಿದು ಮುಗಿದ ಮೇಲೆ ಮನೆಯವರು ಸೆಗಣಿ ಸಾರಿಸುವರು. ಅಲ್ಲಿಯವರೆಗೆ ಅದು ಮಣ್ಣು, ಸೆಗಣಿ ಬಿದ್ದ ಮೇಲೆ ಅಂಗಳ. ಮಾಡಿದವಳು ಹೊರಗೆ. ಅಂಚಿನ ಆಚೆ ನಿಂತರೆ ಗೆರಟೆಯಲ್ಲಿ ಗಂಜಿ. ಏಳೆಂಟು ವರ್ಷದ ನಾನು ಒಮ್ಮೆ ಕೋಳಿಮರಿಯ ಹಿಂದೆ ಓಡಿ ಆ ಅಂಚು ದಾಟಿದೆ. ಅಮ್ಮನೇ ಬಂದು ಬೆನ್ನಿಗೆ ನಾಲ್ಕು ಬಾರಿಸಿದಳು. ಧನಿಗಳು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

1974ರ ಭೂ ಸುಧಾರಣೆ ಬಂತು, ಉಳುವವನೇ ಒಡೆಯ ಅಂದರು. ಗೇಣಿ ಇದ್ದವರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಅಂಗಳ ಬಡಿದವಳ ಹೆಸರಲ್ಲಿ ಯಾವ ಗೇಣಿ ಚೀಟಿ ಇತ್ತು, ನೀವೇ ಹೇಳಿ.

ನಮ್ಮಲ್ಲಿ ಕೆಲಸಕ್ಕೆ ಬಂದವರು ಕೊಪ್ಪಳ ಕಡೆಯ ಗಂಡ ಹೆಂಡತಿ, ಮೇಸ್ತ್ರಿ ಕಳಿಸಿದ್ದು. ಈ ಇಟ್ಟಿಗೆ ಸುಟ್ಟದ್ದಲ್ಲ. ಸಿಮೆಂಟು, ಜಲ್ಲಿಹುಡಿ, ಬಣ್ಣ ಕಲಸಿ ಅಚ್ಚಿನಲ್ಲಿ ಒತ್ತಿದ್ದು. ಕಾರಿಗೆ 60 ಮಿ.ಮೀ. ದಪ್ಪ ಸಾಕು, ಲಾರಿ ಬರುವುದಾದರೆ 80 ಬೇಕು. ಮಣ್ಣು ತೆಗೆದು, ಬಡಿದು, ಜಲ್ಲಿ ಹಾಕಿ ಮತ್ತೆ ಬಡಿದು, ಮೇಲೆ ಎರಡು ಇಂಚು ಜಲ್ಲಿಹುಡಿ ಹರಡಿ ಪಟ್ಟಿಯಿಂದ ಸಮ ಎಳೆದರು. ಮಳೆನೀರಿಗೆ ರಸ್ತೆ ಕಡೆ ತುಸು ಇಳಿಜಾರು. ಇಟ್ಟಿಗೆಯ ಅಡಿಗೆ ಸಿಮೆಂಟೇ ಇಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಸಂದಿಗೆ ಮರಳು ಗುಡಿಸಿ, ಮೇಲೆ ಅದುರುವ ಮೆಷಿನ್ ಓಡಿಸಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸುತ್ತಲಿನ ಕಾಂಕ್ರೀಟ್ ಅಂಚಿನ ಖರ್ಚು ಉಳಿಸಬಹುದಾ ಅಂತ ಕೇಳಿದೆ. ಅವನು ನಕ್ಕ. “ಅಂಚು ಗಟ್ಟಿ ಇರಲಿಲ್ಲಂದ್ರ ನಡುವಿನ ಇಟ್ಟಂಗಿ ಸರದು ಹೊಕ್ಕಾವ್ರೀ, ಧಣ್ಯಾರ.”

ಧಣಿ! ನನ್ನನ್ನು ಹುಟ್ಟಿದ ಮೇಲೆ ಯಾರೂ ಹಾಗೆ ಕರೆದದ್ದಿಲ್ಲ. ಹಾಗನ್ನಬೇಡಪ್ಪ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಹಿತವಾಗಿತ್ತು, ಅದಕ್ಕೇ ಹೇಳಲಿಲ್ಲ.

ನಳ್ಳಿಯ ಪಕ್ಕದ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ. ಬಾಯಿ ತಗ್ಗಿದ ಹಳೆಯವು. ಹೆಂಡತಿ ಇಟ್ಟಳು, ನಾನು ನೋಡಿದೆ. ಚಾ ಅದರಲ್ಲೇ, ಕುಡಿದು, ಅವರೇ ತೊಳೆದು ಕವುಚಿ ಹಾಕುವುದು. ಅವರ ಜಾತಿ ಯಾವುದೆಂದು ನಾವು ಕೇಳಲಿಲ್ಲ. ಕೇಳದೆಯೇ ಲೋಟ ಬೇರೆ ಇಟ್ಟೆವು! ಒಳಗೆ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ. ಪ್ರತಿ ಏಪ್ರಿಲ್ 14ಕ್ಕೆ ಭಾಷಣ ಮಾಡುವವನು ನಾನು. 2016ರ ಅಕ್ಟೋಬರ್ 9ರಂದು ‘ಚಲೋ ಉಡುಪಿ’ ಜಾಥಾ ಬಂದಾಗ ಗಂಟಲು ಹರಿಯುವಂತೆ ಘೋಷಣೆ ಕೂಗಿದವನೂ ನಾನೇ.

ಮೂರನೆಯ ದಿನ ಅಮ್ಮ ತಮ್ಮನ ಮನೆಯಿಂದ ಬಂದಳು. ಗೇಟು ದಾಟಿದವಳು ಕಂಪೌಂಡ್ ಗೋಡೆ ಹಿಡಿದು, ಆ ಕಾಂಕ್ರೀಟ್ ಅಂಚಿನ ಮೇಲೆಯೇ ಒಂದೊಂದೇ ಹೆಜ್ಜೆ ಇಡತೊಡಗಿದಳು. “ಅಮ್ಮಾ, ನಮ್ಮದೇ ಅಲ್ವಾ, ನಡುವಿನಲ್ಲಿ ಬಾ” ಅಂದೆ.

“ಒಣಗಲಿ ಮಗಾ” ಅಂದಳು.

ಒಣಗಲು ಅದರಲ್ಲಿ ಏನೂ ಇರಲಿಲ್ಲ.

ಆಮೇಲೆ ನಳ್ಳಿಯ ಹತ್ತಿರ ನಿಂತಳು. ಲೋಟ ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳದೆ ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ನಾವು ಕುಡಿಯುವ ಲೋಟಗಳಲ್ಲಿ ಚಾ ತಂದು ಆ ಹೆಂಗಸಿಗೂ ಗಂಡನಿಗೂ ಕೊಟ್ಟು, ತಾನೂ ಒಂದು ಹಿಡಿದು ಅವಳ ಪಕ್ಕದಲ್ಲೇ ಕೂತಳು. ಅಮ್ಮನ ತುಳು ಅವಳಿಗೆ ತಿಳಿಯದು, ಅವಳ ಕನ್ನಡ ಅಮ್ಮನಿಗೆ ಅರ್ಧವೂ ಹತ್ತದು. ನಡುವೆ ನಾನು ದುಬಾಷಿ.

“ಗಂಡನಷ್ಟೇ ಕೂಲಿ ಇವಳಿಗೂ ಉಂಟಾ, ಕೇಳು.”

ಕೇಳಿದೆ. “ಹೆಣ್ಮಕ್ಕಳಿಗೆ ಕಮ್ಮಿರೀ” ಎಂದು ಅವಳು ನಕ್ಕಳು. ಇಟ್ಟಿಗೆ ಹೊತ್ತವಳು ಅವಳೇ. ಚದರ ಅಡಿಗೆ ಎಷ್ಟು ಅಂತ ಮೇಸ್ತ್ರಿಯ ಹತ್ತಿರ ಎರಡು ದಿನ ಚೌಕಾಸಿ ಮಾಡಿದ್ದೆ. ಇದನ್ನು ಮಾತ್ರ ಕೇಳಿರಲಿಲ್ಲ.

ಆ ಎರಡು ಲೋಟ ಈಗ ಒಳಗೆ ಉಳಿದವುಗಳ ಜೊತೆಗೇ ಇವೆ. ಯಾವುವು ಅಂತ ನನಗೆ ಇನ್ನೂ ಗುರುತು ಸಿಗುತ್ತದೆ.