ಸದ್ದರಸಿಕೆ

ಮನೆಯ ಕಂಪ್ಯೂಟರಿನಲ್ಲಿ ಸದ್ದು ನಿಂತುಹೋದರೆ ಅನೇಕರಿಗೆ ತಲೆನೋವು. ನನಗೆ ಅದೊಂದು ಒಳ್ಳೆಯ ನೆಪ. ಪರದೆಯ ಮೇಲೆ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿರುತ್ತಾರೆ. ಕೈ ಮೇಲೇರುತ್ತದೆ, ಕಣ್ಣು ಮುಚ್ಚುತ್ತದೆ, ಪಕ್ಕದಲ್ಲಿ ತಬಲದ ಮೇಲೆ ಬೆರಳುಗಳು ಓಡುತ್ತವೆ, ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಅವಸರವೇನು? ಹೋದ ಸದ್ದಿನ ಜಾಡು ಹಿಡಿದು ಸ್ವಲ್ಪ ದೂರ ನಡೆದು ಬರೋಣ, ಬನ್ನಿ.

ಮೊದಲು ಪರದೆಯ ಕೆಳಮೂಲೆ. ಅಲ್ಲೊಂದು ಪುಟ್ಟ ಸ್ಪೀಕರ್ ಚಿತ್ರ. ಅದರ ಪಕ್ಕ ಅಡ್ಡಗೀಟು ಬಿದ್ದಿದ್ದರೆ ನಮ್ಮ ವಿಹಾರ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ವಾಲ್ಯೂಮ್ ಮಿಕ್ಸರ್ ತೆರೆಯಬೇಕು. ವಿಂಡೋಸ್ ವಿಸ್ಟಾ ಬಂದ 2007ರಿಂದ ಒಂದೊಂದು ಪ್ರೋಗ್ರಾಮಿಗೂ ಅದರದೇ ವಾಲ್ಯೂಮ್. ಬೇರೆಲ್ಲವೂ ಮಾತಾಡುತ್ತಿರುವಾಗ ಬ್ರೌಸರ್ ಒಂದೇ ಬಾಯಿ ಮುಚ್ಚಿ ಕೂತಿರಬಹುದು. ಈ ಮಿಕ್ಸರಿನಲ್ಲಿ ನನಗೆ ಬಹಳ ಇಷ್ಟವಾದದ್ದು ಅಲ್ಲಿನ ಹಸಿರು ಪಟ್ಟಿ. ಹಾಡು ಕೇಳಿಸದಿದ್ದರೂ ಅದು ತಾನ ಬಂದಾಗ ಜಿಗಿಯುತ್ತದೆ, ಉಸಿರೆಳೆದಾಗ ಇಳಿಯುತ್ತದೆ. ಅಂದರೆ ಹಾಡು ನಿಂತಿಲ್ಲ. ಎಲ್ಲೋ ಹಾಡುತ್ತಲೇ ಇದೆ, ನಮಗಲ್ಲ ಅಷ್ಟೆ.

ಹಾಗಾದರೆ ಯಾರಿಗೆ? ಎಷ್ಟೋ ಸಲ ಮಾನಿಟರಿಗೆ. ಎಚ್‌ಡಿಎಂಐ ಕೇಬಲ್ ಚಿತ್ರವನ್ನಷ್ಟೇ ಅಲ್ಲ, ಸದ್ದನ್ನೂ ಹೊರುತ್ತದೆ. ಹೊಸ ಮಾನಿಟರ್ ತಗುಲಿಸಿದ ಕೂಡಲೇ ಕಂಪ್ಯೂಟರು ಸದ್ದನ್ನೆಲ್ಲ ಅದರ ಕಡೆ ತಿರುಗಿಸಿಬಿಡುವುದುಂಟು. ಆ ಮಾನಿಟರಿಗೋ ಸ್ಪೀಕರೇ ಇರುವುದಿಲ್ಲ, ಹೆಡ್‌ಫೋನಿಗೆಂದು ಹಿಂದೊಂದು ತೂತು ಮಾತ್ರ. ಬೀಗ ಹಾಕಿದ ಮನೆಗೆ ದಿನಾ ಕಾಗದ ಹಾಕಿ ಹೋಗುವ ಪೋಸ್ಟ್‌ಮ್ಯಾನಿನ ಹಾಗೆ, ಕಂಪ್ಯೂಟರು ರಾಗವನ್ನು ಅಲ್ಲಿಗೆ ತಲುಪಿಸಿ ನಿಶ್ಚಿಂತೆಯಿಂದಿರುತ್ತದೆ.

ಅಲ್ಲೂ ಸಿಗದಿದ್ದರೆ ಮೊಬೈಲ್ ಟಾರ್ಚ್ ಹಿಡಿದು ಮೇಜಿನ ಕೆಳಗೆ ಹೋಗುವ ಸುಖ ಇದ್ದೇ ಇದೆ. ಇಲ್ಲಿಯವರೆಗೆ ಸದ್ದೆಂದರೆ ಬರೀ ಅಂಕಿ: ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಅಳತೆ, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಸಿಪಿಯು ಡಬ್ಬಿಯ ಬೆನ್ನ ಹತ್ತಿರ ಬರುವಷ್ಟರಲ್ಲಿ ಆ ಅಂಕಿಗಳು ಕರಗಿ ವಿದ್ಯುತ್ತಾಗಿರುತ್ತವೆ. ಬೆನ್ನಿನಲ್ಲಿ ಬಣ್ಣಬಣ್ಣದ ತೂತುಗಳು: ಸ್ಪೀಕರಿಗೆ ಹಸಿರು, ಮೈಕಿಗೆ ಗುಲಾಬಿ, ಹೊರಗಿಂದ ಬರುವ ಸದ್ದಿಗೆ ತಿಳಿನೀಲಿ. ಹಸಿರಿನ ಪಿನ್ನು ಗುಲಾಬಿಯಲ್ಲಿ ಕೂತಿದ್ದರೆ ಸ್ಪೀಕರು ಮೂಕ. ಎಷ್ಟೋ ಯಂತ್ರಗಳಲ್ಲಿ ಹೆಡ್‌ಫೋನ್ ತೂತಿನೊಳಗೆ ಎಳೆಯಷ್ಟು ತೆಳ್ಳಗಿನ ಲೋಹದ ನಾಲಗೆಯೊಂದಿರುತ್ತದೆ. ಪಿನ್ನು ಒಳಹೊಕ್ಕಾಗ ಅದು ಸರಿಯುತ್ತದೆ, ಹೆಡ್‌ಫೋನ್ ಬಂತೆಂದು ಯಂತ್ರಕ್ಕೆ ಗೊತ್ತಾಗುತ್ತದೆ. ಅಲ್ಲಿ ಧೂಳು ಸಿಕ್ಕಿಕೊಂಡರೆ ಹೆಡ್‌ಫೋನ್ ಕಿತ್ತಮೇಲೂ ಯಂತ್ರ ಅದರ ಜತೆಗೇ ಮಾತಾಡುತ್ತಿರುತ್ತದೆ. ಈ 3.5 ಮಿಲಿಮೀಟರ್ ಪಿನ್ನಿನ ಹಿರಿಯಣ್ಣ ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿತ್ತು. ಆಪರೇಟರು ಊರಿನ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದಕ್ಕೆ ಅದರಲ್ಲೇ ದಾಟಿಸುತ್ತಿದ್ದರು. ಧೂಳಿನ ನಡುವೆ ಮಂಡಿಯೂರಿ ಕೂತಾಗ ಆ ವಂಶಾವಳಿ ನೆನೆಯಲು ಖುಷಿಯಾಗುತ್ತದೆ.

ಹಿಂದೆ ಈ ಹುಡುಕಾಟ ಇನ್ನೂ ರಂಗಾಗಿತ್ತು. 1981ರ ಐಬಿಎಂ ಪಿಸಿಗೆ ಹೆಚ್ಚುಕಡಿಮೆ ‘ಬೀಪ್’ ಅನ್ನುವಷ್ಟೇ ಕಂಠ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡು ಬಂದಿತು, ಅದರ ಹಿಂದೆಯೇ, ಒಂದೊಂದು ಸಾಧನವೂ ಪ್ರೊಸೆಸರಿನ ಗಮನ ಸೆಳೆಯಲು ಬಳಸುವ ಐಆರ್‌ಕ್ಯೂ ಸಂಖ್ಯೆಗಳ ಜಗಳವೂ ಬಂದಿತು. ಕಾರ್ಡಿಗೂ ಪ್ರಿಂಟರಿಗೂ 7ನೇ ಸಂಖ್ಯೆಯೇ ಬೇಕಾದರೆ ಇಬ್ಬರಲ್ಲೊಬ್ಬರು ಮುನಿಸಿಕೊಳ್ಳುತ್ತಿದ್ದರು. ಲಿನಕ್ಸಿನಲ್ಲಿ ಈಗಲೂ ಅಲ್ಸಾಮಿಕ್ಸರ್ ಎಂಬ ವಾಲ್ಯೂಮ್ ಪ್ರೋಗ್ರಾಮ್ ತೆರೆದರೆ ಸದ್ದಡಗಿದ ಪಟ್ಟಿಯ ಕಾಲಬುಡದಲ್ಲಿ ‘ಎಂಎಂ’ ಎಂದಿರುತ್ತದೆ. ಎಂ ಕೀಲಿ ಒತ್ತಿದರೆ ಅದು ‘ಓಓ’ ಆಗುತ್ತದೆ. ತುಟಿ ಬಿಗಿದವರು ಬಾಯಿ ತೆರೆದದ್ದು ಕಣ್ಣಿಗೇ ಕಾಣುತ್ತದೆ!

ಒಂದು ಸಲ ರೀಸ್ಟಾರ್ಟ್ ಮಾಡಿದರೆ ಎಷ್ಟೋ ವೇಳೆ ಎಲ್ಲ ಸರಿಹೋಗುತ್ತದೆ, ನಿಜ. ಆದರೆ ಹಾಗೆ ಮರಳಿದ ಸದ್ದು ತಾನೆಲ್ಲಿದ್ದೆ ಎಂದು ಹೇಳುವುದಿಲ್ಲ. ಅಂಕಿ ವಿದ್ಯುತ್ತಾಗಿ, ವಿದ್ಯುತ್ತು ಗಾಳಿಯ ಅಲೆಯಾಗಿ ನಮ್ಮ ಕಿವಿ ಮುಟ್ಟುವ ಈ ದಾರಿ ಎಲ್ಲ ಸರಿಯಿದ್ದ ದಿನ ಕಾಣುವುದೇ ಇಲ್ಲ. ಸದ್ದು ನಿಂತ ದಿನ ಮಾತ್ರ ಒಂದೊಂದು ತಿರುವೂ ತನ್ನ ಗುರುತು ಹೇಳುತ್ತದೆ. ನಿಮ್ಮ ಮನೆಯಲ್ಲೂ ಸೌಂಡ್ ಹೋದರೆ, ಸಂಜೆಯವರೆಗೆ ಬೇರೆ ಕೆಲಸವಿಲ್ಲದಿದ್ದರೆ, ಒಂದು ಲೋಟ ಕಾಫಿ ಮಾಡಿಕೊಂಡು ನಿಧಾನವಾಗಿ ಹೊರಡಿ. ಸಿಕ್ಕ ತಿರುವಿನಲ್ಲೆಲ್ಲ ಸ್ವಲ್ಪ ಹೊತ್ತು ನಿಲ್ಲಿ. ಬೇಗ ಸಿಕ್ಕಿಬಿಟ್ಟರೆ ನಷ್ಟ ನಿಮಗೇ.