ಮೂರನೇ ಸಿಲಿಂಡರ್

ಶಿರಾಡಿ ಘಾಟಿ ಹತ್ತಿ ಬಂದ ನಿಮ್ಮ ಕಾರು ಸಕಲೇಶಪುರದ ಗ್ಯಾರೇಜೊಂದರ ತಗಡಿನ ಶೀಟಿನಡಿ ನಿಂತಿದೆ. ಹೊರಗೆ ಮಳೆ ಬಿಡುವ ಲಕ್ಷಣವಿಲ್ಲ. ಎಂಜಿನ್ ಆಫ್ ಮಾಡಬೇಡಿ ಎಂದು ಮೆಕ್ಯಾನಿಕ್ ಕೈಸನ್ನೆ ಮಾಡುತ್ತಾನೆ. ಬಾನೆಟ್ ಎತ್ತಿದವನೇ ಮಾತು ನಿಲ್ಲಿಸಿ ಕಿವಿಗೊಡುತ್ತಾನೆ. ನಿಮಗೂ ಕೇಳಿಸುತ್ತಿದೆ: ಒಂದೇ ಸಮ ಓಡಬೇಕಾದ ಸದ್ದು ನಡುನಡುವೆ ತಪ್ಪುತ್ತಿದೆ, ತಪ್ಪಿದಾಗೆಲ್ಲ ಇಡೀ ಗಾಡಿ ಸಣ್ಣಗೆ ಅದುರುತ್ತಿದೆ.

"ಮಿಸ್ಸಿಂಗ್ ಹೊಡೀತಿದೆ ಸಾರ್."

"ಗುಂಡ್ಯ ಬಿಟ್ಟ ಮೇಲೆ ಎಳೀಲೇ ಇಲ್ಲ. ಪೆಟ್ರೋಲೂ ಜಾಸ್ತಿ ಕುಡೀತಿದೆ," ಎನ್ನುತ್ತೀರಿ.

ಅವನು ಎಂಜಿನ್ನಿಗೆ ಕೈ ಹಾಕದೆ ಮೊದಲು ಚಕ್ರಗಳತ್ತ ನಡೆಯುತ್ತಾನೆ. ಒಂದೊಂದು ರಿಮ್ಮಿನ ಹತ್ತಿರ ಅಂಗೈ ಹಿಡಿದು ನೋಡುತ್ತಾನೆ. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರ ಮಾತ್ರ ವಿಪರೀತ ಕಾದಿರುತ್ತದೆ. ದಾರಿಯುದ್ದಕ್ಕೂ ಎಂಜಿನ್ ಅದನ್ನು ಎಳೆದಾಡುತ್ತ ಪೆಟ್ರೋಲ್ ಸುಡುತ್ತದೆ. ಇಲ್ಲಿ ಹಾಗೇನಿಲ್ಲ. ಗೇಜ್ ಒತ್ತಿದರೆ ಮುಂದಿನ ಟೈರುಗಳಲ್ಲಿ 26. ಬಾಗಿಲ ಪಕ್ಕದ ಸ್ಟಿಕ್ಕರ್ ಕೇಳುವುದು 33. "ಬಿಸೀಲೇ ಇಷ್ಟು ಅಂದ್ರೆ, ತಣ್ಣಗಾದ್ರೆ ಇನ್ನೂ ಕಮ್ಮಿ ಸಾರ್." ಏರ್ ಫಿಲ್ಟರನ್ನು ಬೆಳಕಿಗೆ ಹಿಡಿದು ಸುಮ್ಮನೆ ವಾಪಸ್ ಇಡುತ್ತಾನೆ. ಇಂದಿನ ಇಂಜೆಕ್ಷನ್ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ.

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾನೆ. ಪರದೆಯ ಮೇಲೆ ಪಿ0303. ಕೊನೆಯ ಅಂಕಿ ಸಿಲಿಂಡರಿನದು. ಮೂರನೆಯದರಲ್ಲಿ ಕಿಡಿ ಹತ್ತದೆ ಪೆಟ್ರೋಲು, ಗಾಳಿ ಎರಡೂ ಹಸಿಯಾಗಿಯೇ ಸೈಲೆನ್ಸರ್ ಕಡೆಗೆ ಹೋಗುತ್ತಿವೆ. ನಿಮ್ಮ ದುಡ್ಡು ಸೋರುವುದು ಇಲ್ಲೇ, ಅದೂ ಎರಡು ಸಲ. ಸುಡದೆ ಉಳಿದ ಆಮ್ಲಜನಕವನ್ನು ಕಂಡ ಸೆನ್ಸರ್, ಪೆಟ್ರೋಲ್ ಸಾಲುತ್ತಿಲ್ಲ ಎಂದು ತಪ್ಪಾಗಿ ತಿಳಿಯುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕ ಸರಿದೂಗಿಸಲು ಕಂಪ್ಯೂಟರ್ ಚೆನ್ನಾಗಿರುವ ಸಿಲಿಂಡರುಗಳಿಗೂ ಇನ್ನಷ್ಟು ಸುರಿಯುತ್ತದೆ. ಹಸಿ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡರೆ ಅದರ ಜಾಲರಿಯೇ ಕರಗೀತು. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಘಾಟಿ ಹತ್ತುವ ಹಟ ಬಿಡಬೇಕು. ಅಲ್ಲೇ ಪಕ್ಕಕ್ಕೆ ಹಾಕಿ ನಿಲ್ಲಿಸುವುದೇ ಸರಿ.

ಕೋಡ್ ನೋಡಿದ ಕೂಡಲೇ ಪ್ಲಗ್ಗು, ಇಂಜೆಕ್ಟರು ಎಲ್ಲ ಬದಲಿಸಿ ಬಿಲ್ ಮಾಡುವವರಿದ್ದಾರೆ. ಇವನು ಎಂಜಿನ್ ಆಫ್ ಮಾಡಿಸಿ, ಪ್ಲಗ್ಗಿಗೆ ಕರೆಂಟ್ ಕೊಡುವ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ ಕೂರಿಸಿ, ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿಸುತ್ತಾನೆ. ಮತ್ತದೇ ಅದುರು. ಪರದೆಯಲ್ಲಿ ಪಿ0301. ಕಾಯಿಲ್ ಹೋದ ಕಡೆಗೇ ರೋಗವೂ ಹೋಗಿದೆ.

ಸರಿ, ಹೊಸ ಕಾಯಿಲ್ ಹಾಕಿದರೆ ಮುಗಿಯಿತಲ್ಲ? ಅವನು ಹಳೆಯದನ್ನು ತೆಗೆದು ನಿಮ್ಮ ಕೈಗಿಡುತ್ತಾನೆ. ಅದರ ರಬ್ಬರ್ ತುದಿ ಉಬ್ಬಿ ಮೆತ್ತಗಾಗಿದೆ. ಬೆರಳಿಗೆ ಎಂಜಿನ್ ಆಯಿಲ್ ಹತ್ತುತ್ತದೆ. ಮೂರನೆಯ ಪ್ಲಗ್ಗಿನ ಕುಳಿಯೊಳಗೆ ಟಾರ್ಚ್ ಬಿಟ್ಟು, "ನೋಡಿ ಸಾರ್," ಎನ್ನುತ್ತಾನೆ. ತಳದಲ್ಲಿ ಕಪ್ಪು ಆಯಿಲ್ ನಿಂತಿದೆ.

"ಮೇಲಿನ ಕವರಿನ ಸೀಲ್ ಹೋಗಿದೆ. ಅದು ಬಿಟ್ಟು ಕಾಯಿಲ್ ಒಂದೇ ಹಾಕಿದ್ರೆ ಹೊಸದೂ ಹಿಂಗೇ ಆಗುತ್ತೆ."

ಹುಡುಗ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಕುಳಿಯ ಆಯಿಲ್ ಹೀರತೊಡಗುತ್ತಾನೆ. ಹಾಗೆ ಮಾಡದೆ ಪ್ಲಗ್ ಬಿಚ್ಚಿದರೆ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಮೆಕ್ಯಾನಿಕ್ ಅಷ್ಟರಲ್ಲಿ ಬಿಡಿಭಾಗದ ಅಂಗಡಿಗೆ ಫೋನ್ ಹಚ್ಚಿ ಗಾಡಿಯ ಮಾಡೆಲ್ ಹೇಳುತ್ತಿದ್ದಾನೆ: ಒಂದು ಕಾಯಿಲ್, ಒಂದು ಸೆಟ್ ಸೀಲ್, ಕವರ್ ಗ್ಯಾಸ್ಕೆಟ್.