ಶನಿವಾರದ ಮಡಕೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳುವರು. ದೇಶ ಸುತ್ತಲು ಹಣವಿಲ್ಲದ, ಕೋಶ ಓದಲು ತಾಳ್ಮೆಯಿಲ್ಲದ ನನ್ನಂಥ ವಿದ್ಯಾರ್ಥಿಗೆ ಮೂರನೆಯ ಹಾದಿಯೊಂದುಂಟು; ಅದು ಅಡುಗೆಮನೆಯ ಹಾದಿ. ಚರಿತ್ರೆಯ ತರಗತಿಯಲ್ಲಿ ಯೆಹೂದ್ಯರ ಅಲೆದಾಟದ ಕಥೆಯನ್ನು ಕೇಳಿದ್ದೆ. ಅಲೆಯುತ್ತ ಅವರು ಉಂಡದ್ದೇನು ಎಂಬ ಕುತೂಹಲ ಮಾತ್ರ ಹಾಗೆಯೇ ಉಳಿದಿತ್ತು. ಕಳೆದ ರಜೆಯಲ್ಲಿ ಅದನ್ನು ಒಲೆಯ ಮೇಲೆಯೇ ತೀರಿಸಿಕೊಂಡೆ.

ಶುಕ್ರವಾರ ಸೂರ್ಯ ಮುಳುಗುವುದಕ್ಕೆ ಮೊದಲ್ಗೊಂಡು ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್ತಿನ ವಿಶ್ರಾಂತಿ. ಆ ಹೊತ್ತಿನಲ್ಲಿ ಬೆಂಕಿ ಹೊತ್ತಿಸಬಾರದು, ಅಡುಗೆ ಮಾಡಬಾರದು. ಹಾಗೆಂದು ಪವಿತ್ರ ದಿನದಲ್ಲಿ ತಂಗಳುಣ್ಣುವುದೆ? ಅದಕ್ಕೊಂದು ಉಪಾಯ ಕಂಡುಕೊಂಡರು. ಸಂಜೆಗೆ ಮುನ್ನವೇ ಮಡಕೆಯನ್ನು ಸಣ್ಣ ಉರಿಯ ಮೇಲಿಟ್ಟುಬಿಡುವುದು. ಇರುಳೆಲ್ಲ ಅದು ತಾನಾಗಿ ಬೇಯುವುದು. ನಿಯಮ ಒಂದೇ, ಮಡಕೆಗಳು ಹಲವು. ಪೋಲೆಂಡಿನಲ್ಲಿ ಅದು ಬೀನ್ಸ್ ಕಾಳು, ಬಾರ್ಲಿ, ಆಲೂಗೆಡ್ಡೆ, ಮಾಂಸ ಸೇರಿದ ‘ಚೋಲೆಂಟ್’. ಬಾಗ್ದಾದಿನಲ್ಲಿ ಕೋಳಿಯೂ ಅಕ್ಕಿಯೂ ಕೂಡಿ ಬೇಯುವ ‘ತ್‌ಬೀತ್’. ಮೊರಾಕ್ಕೊದಲ್ಲಿ ಕಾಬೂಲಿ ಕಡಲೆ, ಗೋಧಿ, ಮಾಂಸ, ಚಿಪ್ಪು ಸಮೇತ ಮೊಟ್ಟೆಯಿಟ್ಟ ‘ದಫೀನಾ’.

ನಮ್ಮದು ಸಸ್ಯಾಹಾರಿ ಮನೆ. ಮಾಂಸ ಮೊಟ್ಟೆಗಳನ್ನು ಬಿಟ್ಟು ದಫೀನಾವನ್ನು ಬಚ್ಚಲೊಲೆಯ ಕೆಂಡದ ಮೇಲಿಟ್ಟು ಮಲಗಿದೆ. ಬೆಳಗ್ಗೆ ಮುಚ್ಚಳ ತೆಗೆದಾಗ ಕಡಲೆ ಬೆಣ್ಣೆಯಂತಾಗಿತ್ತು. “ಹುಗ್ಗಿಯೋ ಹುಳಿಯೋ ತಿಳಿಯದು, ರುಚಿಯೇನೋ ಇದೆ” ಎಂದರು ಅಮ್ಮ. ಅಜ್ಜಿ ಕಥೆಯನ್ನೆಲ್ಲ ಕೇಳಿ, “ವಾರಕ್ಕೊಂದು ದಿನ ಒಲೆ ಹಚ್ಚಬೇಡ ಅಂತ ದೇವರೇ ಹೇಳಿಬಿಟ್ಟನೆ? ನಮಗ್ಯಾರೂ ಹೇಳಲಿಲ್ಲ ನೋಡು” ಎಂದರು. ನಿಯಮವೆಂದರೆ ಬರಿಯ ಬಂಧನವೆಂದು ನಮ್ಮ ಚರ್ಚಾಕೂಟಗಳಲ್ಲಿ ಗುಡುಗುವ ಮಿತ್ರರು ಈ ಮಾತನ್ನು ಕೇಳಬೇಕಿತ್ತು.

ಈ ಮಡಕೆಗೆ ಕಣ್ಣೀರಿನ ಕಥೆಯೂ ಇದೆ. ಸ್ಪೇನಿನ ದೊರೆಗಳು 1492ರಲ್ಲಿ ಯೆಹೂದ್ಯರನ್ನು ದೇಶದಿಂದ ಹೊರಡಿಸಿದರು. ಮತಾಂತರಗೊಂಡು ಉಳಿದವರ ಮೇಲೆ 1478ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ಮಂಡಲಿಯ ಕಣ್ಣಿತ್ತು. ಶುಕ್ರವಾರವೇ ಬೇಯಿಸಿಟ್ಟ ಮಡಕೆ, ಹಂದಿಯ ಕೊಬ್ಬಿಗೆ ಬದಲಾಗಿ ಬಳಸಿದ ಎಣ್ಣೆ, ಇಂಥವೇ ಅಲ್ಲಿ ಸಾಕ್ಷ್ಯ! ಮನೆಯ ಆಳೇ ಬಂದು ನುಡಿದರೂ ಸಾಕಿತ್ತು. ಜೀವಕ್ಕೆ ಎರವಾಗಬಹುದೆಂದು ತಿಳಿದೂ ಕೆಲವರು ಆ ಮಡಕೆಯನ್ನು ಬಿಡಲಿಲ್ಲ. ‘ದಫೀನಾ’ ಎಂದರೆ ಅರಬ್ಬಿಯಲ್ಲಿ ಹೂತಿಟ್ಟದ್ದು ಎಂದರ್ಥ. ಅವರು ಅದರಲ್ಲಿ ಹೂತಿಟ್ಟುಕೊಂಡದ್ದು ಕಡಲೆಯನ್ನಷ್ಟೇ ಅಲ್ಲ.

ನಮ್ಮ ನೆರೆಯ ಕೊಂಕಣ ಕರಾವಳಿಯಲ್ಲಿ ನೆಲೆಸಿದ ಬೆನೆ ಇಸ್ರೇಲರಿಗೆ ಇಂಥ ಭಯವಿರಲಿಲ್ಲ. ಗಾಣವಾಡಿಸುತ್ತಿದ್ದ ಅವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ಊರವರು ‘ಶನಿವಾರ ತೇಲಿ’ಗಳೆಂದು ಕರೆದು ಸುಮ್ಮನಾದರು. ಮಾಂಸದೊಡನೆ ಹಾಲು ಕೂಡದೆಂಬ ನಿಯಮಕ್ಕೆ ಅವರು ತೆಂಗಿನ ಹಾಲನ್ನು ಹುಡುಕಿಕೊಂಡರು. ಪ್ರವಾದಿ ಎಲಿಯನ ಹೆಸರಿನಲ್ಲಿ ಅವಲಕ್ಕಿ, ಸಿಹಿ, ಕಾಯಿತುರಿ ಕಲಸಿ ‘ಮಲಿದಾ’ ಮಾಡುವರು. ನಾನೂ ಮಾಡಿದೆ. ಅಜ್ಜಿ ಅದನ್ನು ಕೃಷ್ಣಾಷ್ಟಮಿಯ ಅವಲಕ್ಕಿಯೆಂದೇ ತಿಂದು, ಏಲಕ್ಕಿ ಸಾಲದೆಂದರು.

1948ರ ಅನಂತರ ಆ ಜನರಲ್ಲಿ ಬಹುಮಂದಿ ಇಸ್ರೇಲಿಗೆ ತೆರಳಿದರು. ಮಲಿದಾ ಕೂಡ ಅವರೊಡನೆ ಹಡಗು ಹತ್ತಿತು.